ನಿಂತು ಆಡುವ ಕೇರಂ

ನನ್ನ ಸೋದರಮಾವ ಮಂಜುಗಡ್ಡೆಯನ್ನು ಕಣ್ಣಾರೆ ಕಂಡಿರುವುದು ಎರಡೇ ಕಡೆ: ಕಬ್ಬಿನ ಹಾಲಿನ ಗಾಡಿಯಲ್ಲಿ ಮತ್ತು ಮೀನು ಮಾರ್ಕೆಟ್ಟಿನಲ್ಲಿ. ಆದರೂ ಐಸ್ ಹಾಕಿಯ ವಿಡಿಯೋ ಗೇಮಿನಲ್ಲಿ ಭೌತಶಾಸ್ತ್ರದ ನಿಯಮಗಳು ಎಲ್ಲೆಲ್ಲಿ ಉಲ್ಲಂಘನೆಯಾಗಿವೆ ಎಂಬ ವಿಷಯದಲ್ಲಿ ಚರ್ಚ್‌ಗೇಟಿನಿಂದ ಬೊರಿವಲಿಯವರೆಗಿನ ಲೋಕಲ್ ರೈಲು ಮಾರ್ಗದಲ್ಲೆಲ್ಲ ಅವರನ್ನು ಮೀರಿಸುವ ತಜ್ಞರಿಲ್ಲ! ಇರುವ ಸಾಧ್ಯತೆಯೂ ಇಲ್ಲ. ಏಕೆಂದರೆ ಆ ವಿಷಯದಲ್ಲಿ ಆಸಕ್ತಿಯುಳ್ಳ ಎರಡನೆಯ ವ್ಯಕ್ತಿ ಆ ಮಾರ್ಗದಲ್ಲಿ ಇನ್ನೂ ಪತ್ತೆಯಾಗಿಲ್ಲ.

ಮಾವ ಫೋರ್ಟ್ ಬಡಾವಣೆಯ ಉಡುಪಿ ಹೋಟೆಲೊಂದರಲ್ಲಿ ಮ್ಯಾನೇಜರಾಗಿದ್ದು ನಿವೃತ್ತರಾದವರು. ಅಮೃತಶಿಲೆಯ ಮೇಜಿನ ಈ ತುದಿಯಿಂದ ಅವರು ತಳ್ಳಿದ ನೀರಿನ ಲೋಟ, ಆ ತುದಿಯಲ್ಲಿ ಕುಳಿತ ವಕೀಲರ ಮುಂದೆ ಒಂದು ಹನಿಯೂ ಚೆಲ್ಲದೆ ಹೋಗಿ ನಿಲ್ಲುತ್ತಿತ್ತು. ಈ ಕೈಗುಣದ ಮೂಲ ಕೇರಂ. ದಾದರಿನಲ್ಲಿರುವ ನಮ್ಮ ಸಂಘದ ವಾರ್ಷಿಕ ಪಂದ್ಯಾವಳಿಯ ಟ್ರೋಫಿಯ ಮೇಲೆ ಮಾವನ ಹೆಸರನ್ನು ಪಂದ್ಯಕ್ಕೆ ಮೊದಲೇ ಕೆತ್ತಿಸಿಡುತ್ತಾರೆ ಎಂಬ ಅಪವಾದವಿತ್ತು. ಅಂಥವರು ಈಗ ಎರಡು ವರ್ಷಗಳಿಂದ ಕೇರಂ ಬೋರ್ಡ್ ಮುಟ್ಟಿಲ್ಲ. ಅದು ಶಿಕ್ಷೆಗೊಳಗಾದ ವಿದ್ಯಾರ್ಥಿಯಂತೆ ಗೋಡೆಗೆ ಮುಖ ಮಾಡಿ ಬಾಗಿಲ ಹಿಂದೆ ನಿಂತಿದೆ. ಕಾರಣ ಕೇಳಿದರೆ, "ಅದರಲ್ಲಿ ಇನ್ನೆಂತ ಉಂಟು, ಎಲ್ಲ ಆಡಿ ಆಯ್ತಲ್ಲ" ಎನ್ನುತ್ತಾರೆ.

ಅವರನ್ನು ಮರಳಿ ಆ ಬೋರ್ಡಿನ ಮುಂದೆ ಕೂರಿಸಬೇಕೆಂಬುದು ನನ್ನ ಸಂಕಲ್ಪ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದವಳು ನಾನು. ಸುಸಂಬದ್ಧವಾದ ವಾದದಿಂದ ಯಾವ ಮನುಷ್ಯನನ್ನೂ ತಿದ್ದಬಹುದೆಂದು ಈಗಲೂ ನಂಬುತ್ತೇನೆ. ಮಾವನೊಬ್ಬರನ್ನು ಬಿಟ್ಟು!

ಈ ಹೊಸ ಗೀಳನ್ನು ಮನೆಗೆ ತಂದವಳು ಅವರ ಮಗಳು ಸ್ನೇಹಾ. ಆಫೀಸಿನ ಗೆಳತಿಯೊಬ್ಬಳು ಗೇಮಿನ ಯಂತ್ರವನ್ನು ಅಗ್ಗಕ್ಕೆ ಕೊಟ್ಟಳಂತೆ. ಅದರ ಜೊತೆಗೆ ಬಂದ ಆಟ ಐಸ್ ಹಾಕಿ ಒಂದೇ. ಮೇ ತಿಂಗಳ ಸೆಕೆಯಲ್ಲಿ ಬನಿಯನ್ ತೊಟ್ಟು ಫ್ಯಾನಿನ ಕೆಳಗೆ ಕುಳಿತಿದ್ದ ಮಾವ, ಟಿವಿಯ ತುಂಬ ಹರಡಿದ ಬಿಳಿಯ ಮೈದಾನವನ್ನು ನೋಡಿದರು. ಅಂಚಿನ ಹಲಗೆಗೆ ಬಡಿದು ಹಿಂದಿರುಗುವ, ಪಕ್ ಎಂಬ ಕಪ್ಪು ಬಿಲ್ಲೆಯನ್ನು ನೋಡಿದರು. "ಇದು ನಿಂತು ಆಡುವ ಕೇರಂ, ಮಾರಾಯ್ತಿ" ಎಂದು ನನಗೆ ತೀರ್ಪು ಹೇಳಿದರು. ಮರುಕ್ಷಣವೇ ಎರಡನೆಯ ತೀರ್ಪು: "ಆದ್ರೆ ಮಾಡಿದವನಿಗೆ ರಿಬೌಂಡ್ ಗೊತ್ತಿಲ್ಲ."

ಸುಧಾರಣೆ ನನ್ನ ಕ್ಷೇತ್ರವೆಂದು ತಿಳಿದಿದ್ದೆ. ಅಂದಿನಿಂದ ಅದು ಮಾವನ ವಶವಾಯಿತು. ಮರುವಾರ ಹೋಗಿ ನೋಡಿದರೆ, ಅವರು ಶಾಲೆಯ ಕಂಪಾಸ್ ಪೆಟ್ಟಿಗೆಯ ಕೋನಮಾಪಕವನ್ನು ಟಿವಿಯ ಪರದೆಗೆ ಅಂಟಿಸಿ ಕುಳಿತಿದ್ದಾರೆ! ಬಿಲ್ಲೆ ಬಂದ ಕೋನ ಒಂದು, ಹೋದ ಕೋನ ಇನ್ನೊಂದು ಎಂಬುದು ಮೊದಲ ಆಕ್ಷೇಪ. ಬಿಲ್ಲೆಯು ಹಲಸಿನ ಮೇಣ ಹಚ್ಚಿದಂತೆ ಕೋಲಿಗೆ ಅಂಟಿಕೊಂಡೇ ಓಡುತ್ತದೆ ಎಂಬುದು ಇನ್ನೊಂದು. ಪೂರ್ಣ ವೇಗದಲ್ಲಿ ಬರುವ ಆಟಗಾರ ನಿಂತಲ್ಲೇ ಹಿಂದಿರುಗಲು ಅವನೇನು ಗಾಳಿಪಟವೇ? ಇನ್ನು ಢಿಕ್ಕಿಯ ವಿಷಯದಲ್ಲಂತೂ ಅವರ ಅಸಮಾಧಾನಕ್ಕೆ ಮೇರೆಯಿರಲಿಲ್ಲ.

"ಇದನ್ನು ಮಾಡಿದವ ಸಂಜೆ ದಾದರಿನಲ್ಲಿ ಲೋಕಲ್‌ನಿಂದ ಇಳಿದವನೇ ಅಲ್ಲ" ಎಂದರು. "ದಾದರಿನಲ್ಲಿ ಯಾರಾದ್ರೂ ತಾನಾಗಿ ಇಳಿಯುದುಂಟಾ? ಹಿಂದಿನವ ಇಳಿಸ್ತಾನೆ, ಎದುರಿನವ ವಾಪಸ್ ಹಾಕ್ತಾನೆ. ಎರಡನ್ನೂ ಕಳೆದು ಉಳಿದದ್ದು ನೀನು. ಇಲ್ಲಿ ನೋಡು, ಒಬ್ಬ ಇನ್ನೊಬ್ಬನ ಒಳಗಿಂದಲೇ ಪಾಸಾಗಿ ಹೋದ. ದೆವ್ವವಾ ಅವ?"

ಪರದೆಯ ಮೇಲಿನ ಅನ್ಯಾಯವನ್ನು ನನಗೆ ಮನಗಾಣಿಸಲು ಅವರು ಒಮ್ಮೆ ಪ್ರತ್ಯಕ್ಷ ಪ್ರಯೋಗವನ್ನೂ ಕೈಗೊಂಡರು. ಹೊಸ ಮಂಜಿನ ಮೇಲೆ ಬಿಲ್ಲೆ ವೇಗವಾಗಿ, ಗೀರುಬಿದ್ದ ಮಂಜಿನ ಮೇಲೆ ನಿಧಾನವಾಗಿ ಸಾಗಬೇಕಷ್ಟೆ? ಬಿಲ್ಡಿಂಗಿನ ಮೂರನೆಯ ಮಾಳಿಗೆಯ ಪ್ಯಾಸೇಜಿನ ಅರ್ಧ ಭಾಗಕ್ಕೆ, ಕೇರಂ ಬೋರ್ಡಿಗಾಗಿ ತಂದಿಟ್ಟಿದ್ದ ಬೋರಿಕ್ ಪೌಡರನ್ನು ಧಾರಾಳವಾಗಿ ಸುರಿದರು. ಇಡ್ಲಿ ಪಾತ್ರೆಯ ಮುಚ್ಚಳವೇ ಬಿಲ್ಲೆ, ಉದ್ದ ಹಿಡಿಯ ಪೊರಕೆಯೇ ಕೋಲು. ಮುಚ್ಚಳ ಅದ್ಭುತವಾಗಿ ಜಾರಿತು. ಅದರ ಹಿಂದೆಯೇ, ನೀರಿನ ಟ್ಯಾಂಕಿನ ವಿಷಯ ಮಾತನಾಡಲು ಬಂದ ಹೌಸಿಂಗ್ ಸೊಸೈಟಿಯ ಸೆಕ್ರೆಟರಿ ಸಾಹೇಬರೂ ಅಷ್ಟೇ ಅದ್ಭುತವಾಗಿ ಜಾರಿದರು. ಲಿಫ್ಟಿನ ಬಾಗಿಲು ತೆರೆದಿತ್ತು. ನೇರ ಗೋಲು!

ಪುಣ್ಯಕ್ಕೆ ಪೆಟ್ಟಾಗಲಿಲ್ಲ. ಲಿಫ್ಟಿನೊಳಗೆ ಕುಳಿತಲ್ಲಿಂದಲೇ ಅವರು, "ಕಾಕಾ, ಯೇ ಕ್ಯಾ ಹೈ?" ಎಂದು ಕೇಳಿದರು.

"ಫಿಸಿಕ್ಸ್ ಹೈ" ಎಂದರು ಮಾವ, ಅತ್ಯಂತ ಗೌರವದಿಂದ. ಆಮೇಲೆ ನನ್ನ ಕಡೆ ತಿರುಗಿ, "ನೋಡಿದ್ಯಾ, ಮೊದಲು ಚಪ್ಪಲಿ ಹೋಯ್ತು, ಆಮೇಲೆ ಕೈ ಗೋಡೆ ಹುಡುಕಿತು, ಜನ ಬಿದ್ದದ್ದು ಕೊನೆಗೆ. ಮನುಷ್ಯ ಕಂತಿನಲ್ಲಿ ಬೀಳುದು. ಗೇಮಿನಲ್ಲಿ ಕಪಾಟಿನ ಹಾಗೆ ಒಟ್ಟಿಗೆ ಬೀಳ್ತಾನೆ" ಎಂದು ವಿವರಿಸಿದರು.

ಅವರ ಹುಟ್ಟುಹಬ್ಬಕ್ಕೆ ಸ್ನೇಹಾ ಅದೇ ಆಟದ ಹೊಸ ಆವೃತ್ತಿಯನ್ನೂ ಹೊಸ ಕಂಟ್ರೋಲರುಗಳನ್ನೂ ತಂದಳು. ಮಾವ ಅದನ್ನು ಹೋಟೆಲಿಗೆ ಬಂದ ಆರೋಗ್ಯಾಧಿಕಾರಿಯಂತೆ ಪರೀಕ್ಷಿಸಿದರು. ಏನಾಶ್ಚರ್ಯ! ಬಿಲ್ಲೆ ಈಗ ಕೋಲಿನಿಂದ ಪುಟಿಯುತ್ತಿತ್ತು, ಅಂಚಿನ ಮೇಲೆ ನಿಂತು ಉರುಳುತ್ತಿತ್ತು. ತಿರುಗಬೇಕಾದವನು ಮೊದಲು ವೇಗ ತಗ್ಗಿಸಬೇಕಿತ್ತು. ದಣಿದವನು ಹಿಂದುಳಿಯುತ್ತಿದ್ದ. ಬಿದ್ದವನು ಕಂತುಕಂತಾಗಿ ಬೀಳುತ್ತಿದ್ದ. ಐದಾರು ಮಂದಿ ಹಲಗೆಯ ಬಳಿ ಗುದ್ದಾಡುವುದನ್ನು ಕಂಡು ಮಾವ ಧನ್ಯರಾಗಿ, "ಈಗ ದಾದರ್ ಬಂತು" ಎಂದರು.

ಎಲ್ಲಕ್ಕಿಂತ ಹೆಚ್ಚು ಅವರು ಮೆಚ್ಚಿದ್ದು ಕೈಯಲ್ಲಿ ಹಿಡಿಯುವ ಕಂಟ್ರೋಲರಿನ ಕಂಪನವನ್ನು. ಹಳೆಯದು ಢಿಕ್ಕಿಯಾದಾಗ ಮಾತ್ರ ಒಮ್ಮೆ ಗುಂಯ್ ಎನ್ನುತ್ತಿತ್ತು. ಹೊಸದು, ಸ್ಕೇಟು ಮಂಜನ್ನು ಗೀರಿದಷ್ಟು ಹೊತ್ತೂ ನಡುಗುತ್ತಲೇ ಇರುತ್ತದೆ. ಮಾವ ಅದನ್ನು ತುದಿಯವರೆಗೆ ಏರಿಸಿಟ್ಟರು. ಮನೆಯಲ್ಲಿ ಸದಾ ಹಿಟ್ಟಿನ ಗಿರಣಿಯ ಸದ್ದು!

"ಪಪ್ಪಾ, ಥೋಡಾ ಕಮ್ ಕರೋ ನಾ, ಬ್ಯಾಟರಿ ಪೂರಾ ಖತಮ್ ಆಗ್ತದೆ" ಎಂದು, ಕಂಪನ ತಗ್ಗಿಸುವಂತೆ ಸ್ನೇಹಾ ಗೋಗರೆದರೂ ಅವರು ಜಗ್ಗಲಿಲ್ಲ. ಅದಿಲ್ಲದಿದ್ದರೆ ಆಟ ನೈಜವೇ ಅಲ್ಲವಂತೆ.

ಅಷ್ಟರಲ್ಲಿ ಸಂಘದ ಕೇರಂ ಪಂದ್ಯಾವಳಿ ಹತ್ತಿರ ಬಂತು. ನಾನು ಸಿದ್ಧಳಾಗಿಯೇ ಹೋದೆ. ಮಾವ ಚಹಾ ತಂದರು; ಎಂದಿನಂತೆ ಇಬ್ಬರಿಗೂ ಅರ್ಧರ್ಧ ಲೋಟ. ತುಂಬಿದ ಲೋಟದಲ್ಲಿ ಅಲೆ ಹೆಚ್ಚು ಏಳುತ್ತದೆ ಎಂಬುದು ಅವರ ಇತ್ತೀಚಿನ ಸಿದ್ಧಾಂತ. ಪ್ರತಿಭೆ ಸಮುದಾಯದ ಸ್ವತ್ತು, ಸಂಘದ ಕಿರಿಯರಿಗೆ ಮಾದರಿ ಬೇಕು, ಪರದೆಯ ಮೇಲಿನ ಮಂಜು ಯಾರ ಬಾಯಾರಿಕೆಯನ್ನೂ ತಣಿಸದು ಎಂದು ನಾನು ಕ್ರಮವಾಗಿ ಪ್ರತಿಪಾದಿಸಿದೆ. ಮಾವ ಪೂರ್ತಿ ಕೇಳಿ, ಕೊನೆಯದು ಚೆನ್ನಾಗಿದೆ, ಹೋಟೆಲಿನ ಗೋಡೆಗೆ ಬರೆಸಬಹುದು ಎಂದರು.

ವಾದ ಸೋತ ಕಡೆ ಪಂಥವೇ ಗತಿ. "ಈ ಆಟದಲ್ಲೇ ನಾನು ಗೆದ್ದರೆ ಭಾನುವಾರ ದಾದರಿಗೆ ಬಂದು ಕೇರಂ ಆಡಬೇಕು" ಎಂದೆ.

"ಬರುವ. ಮೊದಲು ಗೆಲ್ಲು" ಎಂದರು ಮಾವ. ನಾನು ಅವರೆದುರು ಒಮ್ಮೆಯೂ ಗೆದ್ದವಳಲ್ಲ.

ಆದರೆ ಆ ದಿನ, ನೋಡುತ್ತಿದ್ದಂತೆಯೇ ನಾನು ಎರಡು ಗೋಲು ಹೊಡೆದೆ! ಮಾವನ ಆಟಗಾರರು ದಿಕ್ಕು ತಪ್ಪಿದವರಂತೆ ಅಲೆಯುತ್ತಿದ್ದರು. ಸತ್ಯಕ್ಕೆ ಜಯ ಸಮೀಪಿಸಿತೆಂದು ಹಿಗ್ಗಿದೆ. ಆಗ ಮನೆಯಲ್ಲಿ ಏನೋ ಕೊರತೆಯಿದೆ ಅನ್ನಿಸಿತು. ಹಿಟ್ಟಿನ ಗಿರಣಿಯ ಸದ್ದಿರಲಿಲ್ಲ. ಬ್ಯಾಟರಿ ಉಳಿಸಲು ಸ್ನೇಹಾ ಬೆಳಿಗ್ಗೆಯೇ ಕಂಪನವನ್ನು ನಿಲ್ಲಿಸಿ ಆಫೀಸಿಗೆ ಹೋಗಿದ್ದಳು.

ಆ ನಿಶ್ಶಬ್ದದಲ್ಲಿ ಸಣ್ಣದೊಂದು ಟಿಕ್ ಟಿಕ್ ಕೇಳಿಸುತ್ತಿತ್ತು. ತಿರುಗಿ ನೋಡಿದೆ. ಮಾವ ಬಲಗೈಯನ್ನು ಹೊಟ್ಟೆಗೆ ಒತ್ತಿ ಹಿಡಿದು ಆಡುತ್ತಿದ್ದರು. ಆದರೂ ಕೈಯ ನಡುಕ ನಿಲ್ಲುತ್ತಿರಲಿಲ್ಲ. ಬೆರಳಿನ ಉಂಗುರ ಕಂಟ್ರೋಲರಿಗೆ ಬಡಿಯುತ್ತಲೇ ಇತ್ತು.

ನಾನು ನೋಡಿದ್ದು ಅವರಿಗೆ ತಿಳಿಯಿತು. ಪರದೆಯಿಂದ ಕಣ್ಣು ತೆಗೆಯದೆಯೇ ಹೇಳಿದರು: "ಕೇರಂನಲ್ಲಿ ಸ್ಟ್ರೈಕರ್ ಇಟ್ಟರೆ ಗೆರೆಯಲ್ಲಿ ನಿಲ್ಲುದಿಲ್ಲ. ಸಂಘದಲ್ಲಿ ಎಲ್ಲರೂ ಕೈಯನ್ನೇ ನೋಡುದಲ್ವಾ. ಇದರಲ್ಲಾದ್ರೆ ಎಲ್ಲರ ಕೈಯೂ ನಡುಗ್ತದೆ."

ನಾನು ಆಟವನ್ನು ನಿಲ್ಲಿಸಿ, ಸೆಟ್ಟಿಂಗ್ ತೆರೆದು, ಎರಡೂ ಕಂಟ್ರೋಲರುಗಳ ಕಂಪನವನ್ನು ತುದಿಯವರೆಗೆ ಏರಿಸಿದೆ.

"ಸೊನ್ನೆಯಿಂದ ಶುರು ಮಾಡೋಣ, ಮಾವ" ಎಂದೆ.

"ನಿನ್ನ ಎರಡು ಗೋಲು?"

"ಅದು ಲೆಕ್ಕಕ್ಕಿಲ್ಲ. ಫಿಸಿಕ್ಸ್ ಸರಿ ಇರಲಿಲ್ಲ."

ಗಿರಣಿ ಮತ್ತೆ ಗುಂಯ್ಗುಟ್ಟಿತು. ನಾಲ್ಕು ಕೈಗಳೂ ನಡುಗತೊಡಗಿದವು. ಮಾವನ ಕೋಲಿನಿಂದ ಹೊರಟ ಬಿಲ್ಲೆ ನನ್ನ ಆಟಗಾರರ ಕಡೆ ಹೊರಳಿಯೂ ನೋಡದೆ, ಎಡಗಡೆಯ ಹಲಗೆಗೆ ಬಡಿದು, ಓರೆಯಾಗಿ ಹಿಂದಿರುಗಿ, ಗೋಲಿನ ಮೂಲೆಗೆ ಸದ್ದಿಲ್ಲದೆ ಸರಿಯಿತು.

"ರಿಬೌಂಡ್ ನೋಡಿದ್ಯಾ?"

"ನೋಡಿದೆ, ಮಾವ" ಎಂದೆ. ಅದನ್ನು ಮಾತ್ರ ನೋಡುತ್ತಿದ್ದೆ.