ಎರಡು ಗಂಟೆ ಬಸ್ಸಿಗೆ ಮುಂಚೆ ಆತ್ಮದರ್ಶನ

ಹೆಂಡತಿ: ರೀ, ಬಿಡ್ರೀ ಅವರನ್ನ. ಅದು ಮರ ಅಲ್ಲ.

ಗಂಡ: ಸುಮ್ನಿರೇ. ಕಣ್ಣುಪಟ್ಟಿ ಬಿಚ್ಚಬಾರದು ಅಂದಿದ್ದಾರೆ ಗುರುಗಳು. ನಿಮ್ಮನ್ನ ಕರೆಯೋ ಮರವನ್ನ ಅಪ್ಪಿಕೊಳ್ಳಿ ಅಂದ್ರು. ಇದು ಕರೀತು, ಅಪ್ಪಿಕೊಂಡೆ.

ಹೆಂಡತಿ: ಕರೆದಿದ್ದಲ್ಲ, ಕ್ಯಾಕರಿಸಿದ್ದು.

ಗಂಡ ಪಟ್ಟಿ ಕೆಳಗೆಳೆದ. ತೋಳುಗಳ ನಡುವೆ ಇದ್ದದ್ದು, ಟವೆಲ್ ಸುತ್ತಿಕೊಂಡು, ಬಾಯಲ್ಲಿ ಬ್ರಷ್ ಇಟ್ಟುಕೊಂಡು, ತಮ್ಮದೇ ಗೇಟಿನ ಮುಂದೆ ಪೇಪರ್ ಎತ್ತಿಕೊಳ್ಳಲು ಬಂದಿದ್ದ ಒಬ್ಬ ಯಜಮಾನರು. ಅವರು ಇವನ ಹೆಗಲ ಮೇಲಿಂದ ಆಚೆ ನೋಡಿ ನೊರೆಬಾಯಲ್ಲೇ ನಕ್ಕರು.

ಯಜಮಾನರು: ಏನು ಮೀಟರಮ್ಮ, ಈ ತಿಂಗಳು ಬೇಗ ಬಂದ್ಬಿಟ್ರಿ? ನಿಮ್ಮ ಇಲಾಖೆಯೋರು ಈಗ ನಮ್ಮ ಅಳತೇನೂ ತಗೋತಾರಾ?

ಅಲ್ಲಿಗೆ ಗುಟ್ಟು ರಟ್ಟಾಯಿತು. ಹೆಂಡತಿ ನೀರು ಸರಬರಾಜು ಇಲಾಖೆಯವಳು. ಹದಿನೆಂಟು ವರ್ಷದಿಂದ ಮನೆಮನೆಯ ಮೀಟರ್ ಓದಿ ಬರೆದುಕೊಳ್ಳುವ ಕೆಲಸ. ಊರಿಗೆಲ್ಲ ಅವಳು 'ಮೀಟರಮ್ಮ'. ಗಂಡನದು ಕನ್ನಡಕದ ಅಂಗಡಿ. ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬುವ ವಾರ, ನೀನು ಕಂಡೇ ಇರದ ಜಾಗಕ್ಕೆ ಕರೆದೊಯ್ಯುತ್ತೇನೆ ಎಂದು ಅವನು ಮಾತು ಕೊಟ್ಟಿದ್ದ. ಅದೇ ಹೊತ್ತಿಗೆ ಒಂದು ಕರಪತ್ರ ಕೈಗೆ ಬಂತು: ನಡುವಯಸ್ಸಿನವರಿಗೆ ಆತ್ಮವಿಕಾಸ ಶಿಬಿರ, ಜೊತೆಗೆ ಸುತ್ತಮುತ್ತಲ ಪ್ರದೇಶದ ಅನ್ವೇಷಣೆ. ಒಳಗಿನದೂ ನೋಡಿದಂತಾಯಿತು, ಹೊರಗಿನದೂ ನೋಡಿದಂತಾಯಿತು ಎಂದು ಇಬ್ಬರ ಹೆಸರೂ ಬರೆಸಿದ್ದ. ನಿನ್ನೆ ಸಂಜೆ ಪರದೆ ಎಳೆದ ವ್ಯಾನಿನಲ್ಲಿ, ಜಗತ್ತನ್ನು ಹಿಂದೆ ಬಿಡುತ್ತಿದ್ದೇವೆಂದು ಭಾವಿಸಿ ಕಣ್ಣು ಮುಚ್ಚಿಕೊಂಡು, ಒಂದೂವರೆ ಗಂಟೆ ಪ್ರಯಾಣ ಮಾಡಿದ್ದರು. ಜಗತ್ತು ಪಾಪ ಎಲ್ಲೂ ಹೋಗಿರಲಿಲ್ಲ. ವ್ಯಾನೇ ಅದನ್ನು ಸುತ್ತು ಹಾಕುತ್ತಿತ್ತು. ಶಿಬಿರದ ಕಟ್ಟಡ ಮಾತ್ರ ಹೊಸದು. ಅದಕ್ಕಿನ್ನೂ ನೀರಿನ ಮೀಟರ್ ಕೂರಿಸಿರಲಿಲ್ಲವಾದ್ದರಿಂದ ಹೆಂಡತಿಗೆ ಗುರುತು ಸಿಕ್ಕಿರಲಿಲ್ಲ. ಬೆಳಿಗ್ಗೆ ಹೊರಗೆ ಕರೆತಂದದ್ದೂ ಕಣ್ಣುಪಟ್ಟಿ ಕಟ್ಟಿಯೇ; ಅವಳು ತನ್ನದನ್ನು ಈಗಷ್ಟೇ ಸರಿಸಿದ್ದಳು.

ಹೆಂಡತಿ: ಅಷ್ಟು ಹೊತ್ತು ಕೂತು ಬಂದಿದ್ದು ನನ್ನ ಹದಿನಾರನೇ ವಾರ್ಡಿಗಾ?

ಹಿಂದಿನಿಂದ ಗುರುಗಳು ಓಡಿ ಬಂದರು. ಗುರುಗಳೆಂದರೆ ಇಪ್ಪತ್ತೆಂಟರ ಹುಡುಗ, ಮೈತುಂಬ ಬಿಳಿ ಬಟ್ಟೆ, ಮುಖದ ತುಂಬ ಶಾಂತಿ.

ಗುರುಗಳು: ಮೇಡಂ, ದೂರ ಅನ್ನೋದು ಮನಸ್ಸಲ್ಲಿರುತ್ತೆ.

ಹೆಂಡತಿ: ಇಲ್ಲಪ್ಪ, ಡೀಸೆಲ್‌ನಲ್ಲಿರುತ್ತೆ.

ಗಂಡ: ಈಗೇನು, ನಡೀ, ಅನ್ವೇಷಣೆ ಬಾಕಿ ಇದೆಯಲ್ಲ.

ಹೆಂಡತಿ: ರೀ, ನನಗೆ ಸಿಕ್ಕಿರೋ ರಜ ಮೂರೇ ದಿನ. ಎರಡು ಗಂಟೆಗೆ ನಮ್ಮ ತಂಗಿ ಊರಿನ ಬಸ್ಸಿದೆ. ಅಲ್ಲಿ ಸಮುದ್ರ ಇದೆ, ಸಮುದ್ರಕ್ಕೆ ಮೀಟರಿಲ್ಲ. ಅಷ್ಟರೊಳಗೆ ನಾನು ನೋಡದೇ ಇರೋದು ಒಂದೇ ಒಂದು ತೋರಿಸಿ. ಇಲ್ಲಾಂದ್ರೆ ನಾನೊಬ್ಬಳೇ ಹೊರಟೆ.

ಗಂಡನಿಗೆ ಆ 'ಹೊರಟೆ' ಗೊತ್ತು. ಇಪ್ಪತ್ತೈದು ವರ್ಷದಲ್ಲಿ ಅವಳು ಅದನ್ನು ಎರಡೇ ಸಲ ಅಂದಿದ್ದಳು, ಎರಡು ಸಲವೂ ಹೊರಟೇ ಹೋಗಿದ್ದಳು.

ಗುರುಗಳು ಮೊದಲು ನೂರು ವರ್ಷದ ಮನೆಯ ಮುಂದೆ ನಿಲ್ಲಿಸಿ, ಕಾಲದ ಉಸಿರು ಆಲಿಸಿ ಎಂದರು. ಹೆಂಡತಿ ಆಲಿಸುವ ಗೋಜಿಗೆ ಹೋಗದೆ, ಮೀಟರ್ ಕೆಟ್ಟು ಎರಡು ವರ್ಷ, ನಾಯಿಗೆ ಒಂದೇ ಕಣ್ಣು, ಕಚ್ಚುವುದು ಮಾತ್ರ ಗುರಿ ತಪ್ಪುವುದಿಲ್ಲ ಎಂದಳು. ಗುರುಗಳು ಒಂದು ಹೆಜ್ಜೆ ಹಿಂದೆ ಸರಿದರು. ಆಮೇಲೆ ಪೊದೆಗಳ ನಡುವಿನ ಪುಟ್ಟ ಕೊಳ.

ಗುರುಗಳು: ಇದಕ್ಕೆ ಹೆಸರಿಲ್ಲ ಮೇಡಂ. ಭೂಮಿ ತಾನಾಗೇ ಕಣ್ಣೀರಿಟ್ಟಿರೋ ಜಾಗ.

ಹೆಂಡತಿ: ಭೂಮಿ ಅಲ್ಲಪ್ಪ, ನಾಲ್ಕಿಂಚು ಪೈಪು. ಮೂರು ಸಲ ಬರೆದು ಕೊಟ್ಟಿದ್ದೀನಿ, ಸಾಹೇಬ್ರ ಮೇಜಿಂದ ಅರ್ಜಿ ಮಾತ್ರ ಸೋರಿಲ್ಲ.

ಬೆಟ್ಟದ ನೆತ್ತಿಯ ಮೌನಕ್ಕೆಂದು ಏದುಸಿರು ಬಿಡುತ್ತ ಹತ್ತಿದರೆ, ಅದು ನೀರಿನ ಟ್ಯಾಂಕು. ವಾಲ್ವ್ ನೋಡಿಕೊಳ್ಳುವಾತ ಮೀಟರಮ್ಮನಿಗೆ ಕುರ್ಚಿ ಹಾಕಿ, ಮನೆಯವರು ಮೊದಲ ಸಲ ಬಂದಿದ್ದಾರೆ ಎಂದು ಗಂಡನಿಗೆ ಇಡೀ ಊರು ತೋರಿಸಿದ. ಗಂಡ ಬಾಯಿ ಬಿಟ್ಟುಕೊಂಡು ನೋಡಿದ. ಅನ್ವೇಷಣೆಯೆಲ್ಲ ಅವನೊಬ್ಬನಿಗೇ ಆಗುತ್ತಿತ್ತು.

ಒಂದು ಗಂಟೆ ಹೊಡೆಯಿತು. ಹೆಂಡತಿ ತನ್ನ ನೀಲಿ ಕೈಚೀಲವನ್ನು ಎಡಹೆಗಲಿಗೇರಿಸಿ ಬಸ್ ನಿಲ್ದಾಣದ ಕಡೆ ತಿರುಗಿದಳು. ತಿರುವಿನಲ್ಲಿ ಒಂದು ಹಳದಿ ಗೇಟು. ಗಂಡ ಥಟ್ಟನೆ ನಿಂತ.

ಗಂಡ: ಈ ಮನೆ ನೋಡಿದ್ದೀಯಾ?

ಹೆಂಡತಿ: ತಿಂಗಳಾ ತಿಂಗಳಾ. ಮೀಟರು ಪಕ್ಕದ ಓಣಿಯಲ್ಲಿ, ಮೂರನೇ ಕಲ್ಲಿನ ಹತ್ರ.

ಗಂಡ: ಒಳಗೆ?

ಹೆಂಡತಿ: ಒಳಗೆ ನನಗೇನು ಕೆಲಸ?

ಗಂಡ: ಅದೇ ನೋಡು. ಹದಿನೆಂಟು ವರ್ಷ ಈ ಊರನ್ನ ನಲ್ಲಿ ಕಡೆಯಿಂದ ನೋಡಿದ್ದೀಯ. ಇವತ್ತು ಬಾಗಿಲ ಕಡೆಯಿಂದ ಬಾ.

ಬಾಗಿಲು ತೆರೆದವರು ಗಂಡನ ಹಳೆಯ ಗಿರಾಕಿ, ನಕ್ಷೆ ಬರೆಯುವ ಕೆಲಸದಿಂದ ನಿವೃತ್ತರಾದ ತಾತ. ಬಾಟಲಿ ತಳದಷ್ಟು ದಪ್ಪದ ಕನ್ನಡಕ. ನಡುಕೋಣೆಯಲ್ಲಿ ಎರಡು ಮಂಚದಗಲದ ಮೇಜು. ಮೇಜಿನ ತುಂಬ, ಬೆಂಕಿಕಡ್ಡಿಯಲ್ಲಿ ಕಟ್ಟಿದ ಊರು. ಇದೇ ಊರು. ಓಣಿ, ಗೇಟು, ಟ್ಯಾಂಕು, ಗುರುಗಳ ಕೊಳ, ಕಡಲೆಕಾಳಿನಷ್ಟೇ ದೊಡ್ಡ ಒಕ್ಕಣ್ಣಿನ ನಾಯಿ. ಹೆಂಡತಿಗೆ ಅಷ್ಟೂ ಗೊತ್ತಿದ್ದದ್ದೇ, ಆದರೆ ಅಷ್ಟೂ ಒಂದೇ ಮೇಜಿನ ಮೇಲೆ ಕಂಡದ್ದು ಇದೇ ಮೊದಲು. ತಾತ ಭೂತಗನ್ನಡಿ ಕೊಟ್ಟು ಹದಿನಾರನೇ ವಾರ್ಡಿನ ಒಂದು ಮೂಲೆ ತೋರಿಸಿದರು. ಅಲ್ಲಿ ಉಗುರಿನಷ್ಟು ಎತ್ತರದ ಹೆಂಗಸು, ಬಗ್ಗಿ ಏನನ್ನೋ ಓದುತ್ತಿದ್ದಳು. ಹೆಗಲಲ್ಲಿ ನೀಲಿ ಚೀಲ.

ತಾತ: ನೀನೇ ಕಣಮ್ಮ. ಎಲ್ಲರಿಗಿಂತ ಮೊದಲು ಮಾಡಿದ್ದು ನಿನ್ನನ್ನೇ. ನೀನು ಓಡಾಡೋದು ನೋಡಿದ ಮೇಲೇ ನನಗೆ ಓಣಿಗಳ ಅಳತೆ ಸಿಕ್ಕಿದ್ದು.

ಗುರುಗಳ ಕಣ್ಣು ತುಂಬಿ ಬಂತು. ಇಷ್ಟು ವರ್ಷ ಕಲಿಸಿದ್ದು ಕಡೆಗೂ ಯಾರಿಗೋ ನಿಜವಾಗಿಯೂ ಫಲಿಸಿಬಿಟ್ಟಿತ್ತು.

ಗುರುಗಳು: ಮೇಡಂ, ನಿಮ್ಮನ್ನ ನೀವೇ ಹೊರಗಿಂದ ನೋಡ್ತಾ ಇದ್ದೀರಿ. ಏನು ಕಾಣಿಸ್ತಿದೆ?

ಹೆಂಡತಿ: ಚೀಲ ಬಲಹೆಗಲಿಗೆ ಹಾಕಿದ್ದಾರೆ. ನಾನು ಹಾಕೋದು ಎಡಕ್ಕೆ.

ಮಾತು ಅಷ್ಟೇ. ಕಣ್ಣು ಮಾತ್ರ ಭೂತಗನ್ನಡಿಯಿಂದ ಏಳಲಿಲ್ಲ. ಗಂಡನಿಗೂ ಆಸೆಯಾಯಿತು. ಮೇಜಿನ ಮೇಲೆ ಮೂಗು ತಾಗಿಸಿ ಹುಡುಕಿದ. ಕನ್ನಡಕದ ಅಂಗಡಿ ಇತ್ತು, ಬೋರ್ಡೂ ಇತ್ತು.

ಗಂಡ: ತಾತ, ನಾನೆಲ್ಲಿ?

ತಾತ: ನಾನು ರಸ್ತೇಲಿ ಕಂಡವರನ್ನ ಮಾಡೋದಪ್ಪ. ನೀನು ಅಂಗಡಿ ಬಿಟ್ಟು ಯಾವಾಗ ಹೊರಗೆ ಬಂದೆ?

ಗಂಡ: ಕನ್ನಡಕ ಕೊಡೋದಕ್ಕೆ ನಿಮ್ಮ ಮನೆಗೇ ಆರು ಸಲ ಬಂದಿದ್ದೀನಿ.

ತಾತ: ಆಗೆಲ್ಲ ಕನ್ನಡಕ ನಿನ್ನ ಕೈಯಲ್ಲಿತ್ತಲ್ಲ. ನನಗೆ ಹೇಗೆ ಕಾಣಬೇಕು?

ಗುರುಗಳು ಗಂಡನ ಬೆನ್ನು ಸವರಿ, ಇಲ್ಲವಾಗುವುದೇ ಆತ್ಮವಿಕಾಸದ ಕೊನೆಯ ಹಂತ, ಅದು ಶಿಬಿರದಲ್ಲಿ ನಾಳೆ ಸಂಜೆಗಿತ್ತು, ನೀವು ಒಂದು ದಿನ ಮೊದಲೇ ತಲುಪಿಬಿಟ್ಟಿರಿ ಎಂದು ಸಮಾಧಾನ ಹೇಳಿದರು. ಗೋಡೆ ಗಡಿಯಾರ ಒಂದೂವರೆ ತೋರಿಸುತ್ತಿತ್ತು. ಹೆಂಡತಿ ಭೂತಗನ್ನಡಿ ತಾತನಿಗೆ ಕೊಟ್ಟು ಬಾಗಿಲ ಹತ್ತಿರ ನಡೆದಳು.

ಗಂಡ: ಅಲ್ವೇ, ನೀನು ನೋಡದೇ ಇದ್ದಿದ್ದು ತೋರಿಸಿದ್ದೀನಿ, ಮಾತು ಉಳಿಸಿಕೊಂಡಿದ್ದೀನಿ. ಇನ್ನು ಆ ಬಸ್ಸಿಗೆ ಹೋಗಲ್ಲ ತಾನೆ?

ಹೆಂಡತಿ: ಹೋಗೋದೇ. ನೀವೂ ಬನ್ನಿ. ಹೇಗೂ ಈ ಊರಲ್ಲಿ ನೀವಿಲ್ಲ.