ಬೀಳದ ನಾಣ್ಯ

ಹತ್ತು ಯೆನ್ನಿನ ಒಂದು ನಾಣ್ಯ ಕುರಮೋಚಿಯ ನಿದ್ದೆ ಕೆಡಿಸಿತ್ತು. ನಗೋಯಾದ ಹೊಸ ಗೋಪುರಕ್ಕೆ ಅವನ ಕಂಪನಿ ಅತಿವೇಗದ ಲಿಫ್ಟ್ ಕೂಡಿಸಿತ್ತು. ಅದರ ನಡುಕ ತಗ್ಗಿಸುವುದು ಅವನ ಪಾಲಿನ ಕೆಲಸ. ಲಿಫ್ಟಿನ ನೆಲದ ಮೇಲೆ ನಾಣ್ಯವನ್ನು ಅಂಚಿನ ಮೇಲೆ ನಿಲ್ಲಿಸುತ್ತಾರೆ. ಓಡುವಾಗ ಅದು ಬೀಳದಿದ್ದರೆ ಪಾಸು. ಬಿದ್ದರೆ ಕುರಮೋಚಿಗೆ ದೂರದ ಉತ್ತರದ ಅಸಾಹಿಕಾವಾಕ್ಕೆ ವರ್ಗ, ಅಲ್ಲಿನ ಹಿಮದಲ್ಲಿ ಒಂಟಿ ಬಾಳು. "ನೀವು ಹೋಗಿ, ನಾನೂ ಮಗೂ ಇಲ್ಲೇ ಇರ್ತೀವಿ" ಎಂದು ಹೆಂಡತಿ ಖಡಾಖಂಡಿತವಾಗಿ ಹೇಳಿದ್ದಳು.

"ನಾಣ್ಯದ ಅಡಿಗೆ ಒಂದು ಅನ್ನದ ಅಗುಳು ಅಂಟಿಸಿಬಿಡಯ್ಯ" ಎಂದು ಮೇಲಧಿಕಾರಿ ಇಸೊಬೆ ಬುತ್ತಿ ಬಿಚ್ಚಿದ.

"ಬೇಡ ಸಾರ್. ನನ್ನ ಲಿಫ್ಟ್ ಮೇಲೆ ನಂಗೆ ನಂಬಿಕೆ ಇದೆ."

"ಅಸಾಹಿಕಾವಾದಲ್ಲಿ ನಂಬಿಕೆ ಹೊದ್ಕೊಂಡು ಮಲಗ್ತೀಯಾ?"

ಮಧ್ಯಾಹ್ನ ಗೋಪುರದ ಒಡತಿ ಹತಕೆಯಾಮಾ ಬಂದರು. ಕುರಮೋಚಿಯ ಕಚೇರಿಗೆ ಕಚೇರಿಯೇ ಲಿಫ್ಟಿನೊಳಗೆ ತುಂಬಿಕೊಂಡಿತು. ಹಿರಿತನದ ಹಕ್ಕಿನಿಂದ ಇಸೊಬೆಯೇ ನಾಣ್ಯ ನಿಲ್ಲಿಸಿದ. ಲಿಫ್ಟ್ ಮೇಲೇರಿತು. ನಾಣ್ಯ ಅಲ್ಲಾಡಲಿಲ್ಲ.

"ಎಲ್ಲರೂ ತುಂಬಾ ಶ್ರಮಪಟ್ಟಿದ್ದೀರಿ" ಎಂದರು ಒಡತಿ.

ದೊಡ್ಡವರು ಹಾಗೆಂದ ಮೇಲೆ ಬಾಗಿ ನಮಸ್ಕರಿಸದೆ ಇರುವುದುಂಟೆ? ಅಷ್ಟೂ ಗಂಡಸರು ಒಂದೇ ದಿಕ್ಕಿಗೆ, ಒಂದೇ ಸಲ ಸೊಂಟ ಬಗ್ಗಿಸಿದರು. ಲಿಫ್ಟ್ ತೊಟ್ಟಿಲಿನಂತೆ ತೂಗಿತು. ಒಬ್ಬನ ಕನ್ನಡಕ ಹಾರಿತು, ಒಡತಿ ಗೋಡೆ ಹಿಡಿದುಕೊಂಡರು, ಇಸೊಬೆ ಮಂಡಿಯೂರಿ ಬಿದ್ದ.

ನಾಣ್ಯ ಮಾತ್ರ ನೆಟ್ಟಗೆ ನಿಂತಿತ್ತು.

ಕುರಮೋಚಿ ನಾಣ್ಯವನ್ನೇ ದಿಟ್ಟಿಸಿದ. ಆ ತೂಗಾಟಕ್ಕೆ ಯಾವ ನಾಣ್ಯವೂ ನಿಲ್ಲುವುದಿಲ್ಲ ಎಂಬುದು ಅವನಿಗಿಂತ ಚೆನ್ನಾಗಿ ಇನ್ನಾರಿಗೆ ಗೊತ್ತು? ಒಡತಿ ಬೆರಳಿನಿಂದ ತಟ್ಟಿದರು, ಅದು ಬೀಳಲಿಲ್ಲ. ಕಿತ್ತರು. ಅಡಿಯಲ್ಲಿ ಜಜ್ಜಿದ ಅಗುಳು ಅಂಟಿತ್ತು.

"ಇದು ಯಾರ ಊಟ?"

ಇಸೊಬೆ ಛಾವಣಿ ನೋಡಿದ. ಕುರಮೋಚಿ ಮುಂದೆ ಬಂದ.

"ಅಮ್ಮಾವ್ರೇ, ಇಳಿಯುವಾಗ ಅಗುಳಿಲ್ಲದೆ ನಾನೇ ನಿಲ್ಲಿಸ್ತೀನಿ. ಬಿದ್ರೆ ಅಸಾಹಿಕಾವಾಕ್ಕೆ ಕಳಿಸಿ. ಆದ್ರೆ ದಯವಿಟ್ಟು ಯಾರೂ ಬಗ್ಗಬಾರದು."

ನಾಣ್ಯವನ್ನು ಒರೆಸಿ ನಿಲ್ಲಿಸಿದ. ಲಿಫ್ಟ್ ಇಳಿಯಿತು. ಯಾರೂ ಮಿಸುಕಲಿಲ್ಲ. ನೆಲಮಹಡಿ ಹತ್ತಿರವಾದರೂ ನಾಣ್ಯ ನಿಂತೇ ಇತ್ತು. ಕುರಮೋಚಿಗೆ ಮಗುವಿನ ಮುಖ ಕಣ್ಣಿಗೆ ಕಟ್ಟಿತು, ಅಳು ಉಕ್ಕಿ ಬಂತು.

"ಸಾಕು, ಒಪ್ಪಿದೆ" ಎಂದು ಒಡತಿ ನಕ್ಕರು. "ಇಂಥ ಕೈ ಸಿಗೋದು ಅಪರೂಪ. ನಮ್ಮೂರಲ್ಲಿ ನಮ್ಮದೊಂದು ಬಿಸಿನೀರಿನ ಬುಗ್ಗೆಯ ಹೋಟೆಲ್ ಇದೆ. ಅಲ್ಲಿನ ಲಿಫ್ಟಲ್ಲಿ ಹತ್ತಿದವರ ಹಲ್ಲೇ ಉದುರುತ್ತೆ. ನಿಮ್ಮ ಅಧ್ಯಕ್ಷರ ಹತ್ರ ನಾನೇ ಮಾತಾಡ್ತೀನಿ, ಇವರನ್ನೇ ಕಳಿಸಲಿ. ಅದು ಸರಿಹೋಗೋವರೆಗೂ ಇವರು ಅಲ್ಲೇ ಇರಲಿ."

"ಯಾವ ಊರು, ಅಮ್ಮಾವ್ರೇ?" ಕುರಮೋಚಿ ಕೇಳಿದ.

"ಅಸಾಹಿಕಾವಾ."

ದೊಡ್ಡವರು ಕೆಲಸ ಒಪ್ಪಿಸಿದ್ದರು. ಬೇಡವೆಂದು ಮನಸ್ಸು ಕೂಗುತ್ತಿದ್ದರೂ ಕುರಮೋಚಿಯ ಸೊಂಟ ತಾನಾಗಿ ಬಾಗಿತು. ಅವನು ಬಾಗಿದ್ದು ಕಂಡು ಉಳಿದವರೆಲ್ಲ ಬಾಗಿದರು.

ನಾಣ್ಯ ಠಣ್ಣನೆ ಬಿತ್ತು.