ಹನ್ನೆರಡನೇ ಸ್ಥಾನದ ಹೊಟ್ಟೆಕಿಚ್ಚು

"ಮುಂದಿನ ತಿಂಗಳ ಪಟ್ಟೀಲಿ ನಮ್ಮ ಮನೆ ಮೊದಲನೇ ಸ್ಥಾನಕ್ಕೆ ಬರದೇ ಹೋದ್ರೆ, ನನ್ನನ್ನ ಗೆರೆಯಪ್ಪ ಅಂತ ಕರೀಬೇಡಿ!"

ಊಟದ ಮೇಜನ್ನು ಗುದ್ದಿ ಗೆರೆಯಪ್ಪ ಈ ಭೀಷಣ ಪ್ರತಿಜ್ಞೆ ಮಾಡಿದಾಗ, ಕಾಲೇಜಿಗೆ ಹೋಗುವ ಮಗಳು ತಟ್ಟೆಯಿಂದ ತಲೆ ಎತ್ತದೆ ಹೇಳಿದಳು: "ಮನೇಲಿ ಯಾರೂ ಹಾಗೆ ಕರೆಯಲ್ಲಪ್ಪಾ. ಅದು ನಿಮ್ಮ ಆಫೀಸಿನೋರು ಇಟ್ಟ ಹೆಸರು."

ಆಫೀಸಿನವರು ಇಟ್ಟಿದ್ದಕ್ಕೂ ಕಾರಣವಿತ್ತು. ನೀರಿನ ಕೊಳವೆ ಎಲ್ಲಿಂದ ಎಲ್ಲಿಗೆ ಹೋಗಬೇಕೆಂದು ನಕ್ಷೆಯ ಮೇಲೆ ಗೆರೆ ಎಳೆಯುವುದೇ ಅವನ ಕಸುಬು. ಮಹಾಮಾರಿ ಬಂದು ಆಫೀಸಿಗೆ ಬೀಗ ಬಿದ್ದಾಗ ಅವನು ತನ್ನ ಗೆರೆಗಳನ್ನೆಲ್ಲ ಮನೆಗೆ ಹೊತ್ತು ತಂದ. ರೋಗ ಹೋಯಿತು, ಮಾಸ್ಕು ಹೋಯಿತು, ಗೆರೆಯಪ್ಪ ಮಾತ್ರ ಮನೆಯಿಂದ ಕದಲಲಿಲ್ಲ! ಮ್ಯಾನೇಜರು ಕರೆದಾಗಲೆಲ್ಲ "ಮನೇಲೇ ಏಕಾಗ್ರತೆ ಜಾಸ್ತಿ ಸರ್" ಎನ್ನುತ್ತಿದ್ದ. ಆ ಏಕಾಗ್ರತೆಗೆ ಒಂದು ಎ.ಸಿ., ಎರಡು ಕಂಪ್ಯೂಟರು, ಬೆನ್ನಿಗೊಂದು ಫ್ಯಾನು, ಗಂಟೆಗೊಮ್ಮೆ ಕುದಿಯುವ ಕೆಟಲ್ಲು ಬೇಕಾಗುತ್ತಿದ್ದವು. ಹೆಂಡತಿ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ರೋಗದ ಕಾಲದಲ್ಲೂ ಒಂದು ದಿನ ತಪ್ಪದೆ ದುಡಿದವಳು. ಅವಳಿಗೆ ಸಿಕ್ಕ ಗಾಳಿಯೆಂದರೆ ಬಸ್ಸಿನ ಕಿಟಕಿಯದು.

ಅವರ ಕಟ್ಟಡದಲ್ಲಿ ಹನ್ನೆರಡು ಮನೆ. ಕಟ್ಟಡದ ಕಾರ್ಯದರ್ಶಿ ಲಿಫ್ಟಿನ ಪಕ್ಕ "ಭೂಮಿ ಉಳಿಸಿ" ಎಂದು ಹಸಿರೆಲೆಯ ಚಿತ್ರ ಅಂಟಿಸಿ ವರ್ಷವಾಗಿತ್ತು. ಅದನ್ನು ಓದಿದ್ದು ಗೋಡೆಯ ಹಲ್ಲಿ ಮಾತ್ರ. ಕೊನೆಗೆ ಆ ಜಾಣ ಇನ್ನೊಂದು ಹಾಳೆ ಅಂಟಿಸಿದ: ಯಾವ ಮನೆಯವರು ತಿಂಗಳಿಗೆ ಎಷ್ಟು ಕರೆಂಟು ಸುಟ್ಟರು, ಕಡಿಮೆಯಿಂದ ಹೆಚ್ಚಿಗೆ! ಇಡೀ ಕಟ್ಟಡ ಮನೆಯುಡುಪಿನಲ್ಲೇ ಓಡಿ ಬಂದು ಮುಗಿಬಿತ್ತು. ಎದುರು ಮನೆಯ ದಂತವೈದ್ಯೆ ಮೂರನೆಯವರು. ಗೆರೆಯಪ್ಪ ಹನ್ನೆರಡನೆಯವನು.

ಭೂಮಿ ಕಾದು ಕೆಂಡವಾದರೂ ಬಿಸಿಯಾಗದ ಗೆರೆಯಪ್ಪ ಅಂದು ಧಗಧಗ ಉರಿದ. ಕರೆಂಟಿಲ್ಲದೆ ಉರಿಯುವ ಒಲೆ ಒಂದೇ, ಹೊಟ್ಟೆಕಿಚ್ಚು!

ಮೊದಲ ದಿನವೇ ಅರ್ಧ ಮನೆಯ ಬಲ್ಬುಗಳು ಡಬ್ಬಿ ಸೇರಿದವು.

"ಬಚ್ಚಲಿಗೂ ಬೇಡ್ವೇನ್ರೀ?" ಎಂದಳು ಹೆಂಡತಿ.

"ಬಚ್ಚಲಿಗ್ಯಾಕೆ? ನಿನ್ನ ಬೆನ್ನು ಎಲ್ಲಿದೆ ಅಂತ ನಿನಗೇ ಗೊತ್ತಿಲ್ವಾ?"

ಮೂರನೇ ದಿನ ಮಗಳು ಕತ್ತಲಲ್ಲಿ ಅಪ್ಪನ ಶೇವಿಂಗ್ ಕ್ರೀಮಿನಿಂದ ಹಲ್ಲುಜ್ಜಿಕೊಂಡು ನೊರೆ ಕಾರುತ್ತ ಹೊರಬಂದಳು. ಹೆಂಡತಿ ತಣ್ಣಗೆ ಹೇಳಿದಳು: "ಇನ್ನು ಹತ್ತು ನಿಮಿಷದಲ್ಲಿ ಬಲ್ಬು ವಾಪಸ್ ಬರದಿದ್ರೆ, ನಾಳೆ ನನ್ನ ಸೂಜಿಗೆ ಮೊದಲನೇ ತೋಳು ನಿಮ್ಮದೇ!"

ಬಲ್ಬುಗಳು ಐದೇ ನಿಮಿಷಕ್ಕೆ ಬಂದವು. ಆದರೆ ಪ್ರತಿಜ್ಞೆ? ಗೆರೆಯಪ್ಪ ಚಾವಣಿ ನೋಡುತ್ತ ಯೋಚಿಸಿದ. ಥಟ್ಟನೆ ಹೊಳೆಯಿತು. ಊರಲ್ಲೇ ಒಂದು ಕಡೆ ತಾನು ಎಷ್ಟು ಉರಿಸಿದರೂ ತನ್ನ ಲೆಕ್ಕಕ್ಕೆ ಬರದ ಕರೆಂಟು ಇದೆಯಲ್ಲ! ಆಫೀಸು!

ಮರುದಿನ ಬೆಳಿಗ್ಗೆ ಒಂಬತ್ತಕ್ಕೇ ಹಾಜರಾದವನನ್ನು ನೋಡಿ ಮ್ಯಾನೇಜರ ಕಣ್ಣು ತುಂಬಿ ಬಂತು. ಎಲ್ಲರ ಎದುರು ಅವನ ಬೆನ್ನು ತಟ್ಟಿ, "ನೋಡಿ ಕಲೀರಿ! ಇದು ನಿಷ್ಠೆ!" ಎಂದರು.

ಆ ನಿಷ್ಠೆಯ ಚೀಲದಲ್ಲಿ ಮೊದಲ ವಾರ ಇದ್ದದ್ದು ಮನೆಯವರ ಮೂರು ಮೊಬೈಲು, ಗಡ್ಡದ ಟ್ರಿಮ್ಮರು. ಎರಡನೇ ವಾರ ಇಸ್ತ್ರಿಪೆಟ್ಟಿಗೆ, ಜೊತೆಗೆ ಮುದ್ದೆಯಾದ ಬಟ್ಟೆಗಳು. ಆಫೀಸಿನ ಹಳೇ ಕಡತಗಳ ಕೋಣೆಗೆ ಯಾರೂ ಬರುತ್ತಿರಲಿಲ್ಲ. ಅದೇ ಅವನ ಇಸ್ತ್ರಿ ಅಂಗಡಿಯಾಯಿತು. ನಾಲ್ಕನೇ ವಾರಕ್ಕೆ ಧೈರ್ಯ ಬಲಿತು ಮಿಕ್ಸಿಯೂ ಬಂತು, ಜೊತೆಗೆ ಅರ್ಧ ಕಿಲೋ ಕಾಫಿಬೀಜ.

ಪಕ್ಕದ ಸಭಾಕೋಣೆಯಲ್ಲಿ ಮ್ಯಾನೇಜರು ದೊಡ್ಡ ಗಿರಾಕಿಗಳಿಗೆ ಗೋಡೆಯ ಪರದೆಯ ಮೇಲೆ ನಕ್ಷೆ ತೋರಿಸುತ್ತಿದ್ದರು. ಇತ್ತ ಕಡತಗಳ ಕೋಣೆಯಲ್ಲಿ ಇಸ್ತ್ರಿ ಬಿಸಿಯೇರುತ್ತಿತ್ತು. ಗೆರೆಯಪ್ಪ ಮಿಕ್ಸಿಯ ಗುಂಡಿ ತಿರುಗಿಸಿದ. ಗುರ್‌ರ್‌ರ್... ಫಟ್! ಇಡೀ ಮಹಡಿ ಕಗ್ಗತ್ತಲು. ಗಾಬರಿಯಲ್ಲಿ ಕೈ ತಾಗಿ ಮಿಕ್ಸಿಯ ಜಾರ್ ಉರುಳಿತು, ಮುಚ್ಚಳ ಹಾರಿತು. ಆ ಹೊತ್ತಿಗೆ ಸರಿಯಾಗಿ ಮೊಬೈಲ್ ಬೆಳಕು ಹಿಡಿದು ಬಾಗಿಲು ತೆರೆದ ಮ್ಯಾನೇಜರ ಬಿಳಿ ಅಂಗಿಗೆ ಕಾಫಿಪುಡಿಯ ಅಭಿಷೇಕವಾಯಿತು.

ಕತ್ತಲಾದಾಗಲೇ ಎಲ್ಲ ಬೆಳಕಿಗೆ ಬಂತು!

"ಏನ್ರೀ ಇದು?"

"ಮಿಕ್ಸಿ ಸರ್."

"ಮಿಕ್ಸಿ ಅಂತ ನನಗೂ ಕಾಣುತ್ತೆ! ಇಲ್ಲಿ ಯಾಕಿದೆ?"

"ಮನೇಲಿ... ಕರೆಂಟು ಉಳಿಸೋಣ ಅಂತ ಸರ್."

ಮ್ಯಾನೇಜರು ಮೂಗಿನ ಮೇಲಿನ ಪುಡಿ ಒರೆಸಿಕೊಂಡರು. ಅವರ ಹಿಂದೆ ನಿಂತ ಗಿರಾಕಿಯೊಬ್ಬರು, ಇಸ್ತ್ರಿಯ ಕೆಳಗೆ ಹೊಗೆಯಾಡುತ್ತಿದ್ದ ಹೂವಿನ ಪೈಜಾಮವನ್ನು ಆಸಕ್ತಿಯಿಂದ ನೋಡುತ್ತಿದ್ದರು.

"ಒಳ್ಳೇ ಆದರ್ಶ. ನಮ್ಮ ಆಫೀಸೂ ಕರೆಂಟು ಉಳಿಸ್ಬೇಕು ಅಲ್ವಾ?" ಎಂದರು ಮ್ಯಾನೇಜರು, ಹಲ್ಲು ಕಚ್ಚಿ. "ನಾಳೆಯಿಂದ ನೀವು ಮನೇಲೇ ಇರಿ. ದಯವಿಟ್ಟು!"

ಎರಡು ದಿನ ಗೆರೆಯಪ್ಪ ಮಂಕಾಗಿದ್ದ. ಮೂರನೇ ದಿನ ಹೊಸ ಪಟ್ಟಿ ಬಂತು. ಒಂದನೇ ಸ್ಥಾನ! ಸಾಕ್ಷಾತ್ ಅವನದೇ ಮನೆ! ಹೋದ ಮಾನವೆಲ್ಲ ಲಿಫ್ಟು ಹತ್ತಿ ಮೇಲೆ ಬಂದಂತಾಯಿತು. ಎದೆಯುಬ್ಬಿಸಿ ಪಟ್ಟಿಯ ಪಕ್ಕವೇ ನಿಂತ. ದಂತವೈದ್ಯೆ ಬಂದು ಬೆರಗಾಗಿ ಕೇಳಿದರು:

"ಹನ್ನೆರಡರಿಂದ ಒಂದಕ್ಕಾ! ಏನ್ ಸಾರ್ ಗುಟ್ಟು?"

"ನೋಡಿ ಡಾಕ್ಟ್ರೇ," ಗೆರೆಯಪ್ಪ ಗಂಟಲು ಸರಿಮಾಡಿಕೊಂಡ, "ಇದಕ್ಕೆ ಮನೆ ಯಜಮಾನನಲ್ಲಿ ದೃಢಸಂಕಲ್ಪ, ದೂರದೃಷ್ಟಿ..."

ಕೆಲಸ ಮುಗಿಸಿ ಬಂದ ಹೆಂಡತಿ ಲಿಫ್ಟಿನ ಗುಂಡಿ ಒತ್ತುತ್ತ ನಡುವೆಯೇ ಹೇಳಿದಳು: "ಅಂಥದ್ದೇನಿಲ್ಲ ಡಾಕ್ಟ್ರೇ. ಮೊನ್ನೆ ಆಫೀಸಿನೋರು ವಾಪಸ್ ಕಳಿಸೋವರೆಗೆ, ಒಂದು ತಿಂಗಳು ಇವರು ಹಗಲೊತ್ತು ಮನೇಲಿರ್ಲಿಲ್ಲ. ಅಷ್ಟೇ."

ದಂತವೈದ್ಯೆ ತಲೆಯೆತ್ತಿ ತಮ್ಮ ಮನೆಯ ಕಡೆ ನೋಡಿದರು. ಅವರ ಗಂಡನೂ ರೋಗದ ಕಾಲದಲ್ಲಿ ಮನೆ ಸೇರಿದವರು, ಇನ್ನೂ ಹೊರಬಿದ್ದಿರಲಿಲ್ಲ. ಆಮೇಲೆ ಗೆರೆಯಪ್ಪನ ಹತ್ತಿರ ಸರಿದು, ತಗ್ಗಿದ ದನಿಯಲ್ಲಿ ಬಹಳ ಕಳಕಳಿಯಿಂದ ಕೇಳಿದರು:

"ಸಾರ್, ನಿಮ್ಮ ಆಫೀಸಲ್ಲಿ ಈಗೊಂದು ಕುರ್ಚಿ ಖಾಲಿ ಆಗಿದೆಯಂತಲ್ಲ? ನಮ್ಮೆಜಮಾನ್ರಿಗೆ ಕೊಡಿಸ್ತೀರಾ?"